ಕೈಗಡಿಯಾರದಲ್ಲಿ ಹತ್ತು ನಲವತ್ತೆರಡು

ಗುರುವಾರ, ಹದಿನಾಲ್ಕನೇ ತಾರೀಕು
ಮನೆ, ಅಡುಗೆಮನೆಯ ಮೇಜು

ಪ್ರೀತಿಯ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ನಾನು ಕ್ಷೇಮ. ಮಂಡಿನೋವು ಇದ್ದ ಹಾಗೇ ಇದೆ. ಹಲ್ಲುನೋವು ಮಾತ್ರ ಹೋಯಿತು, ಏಕೆಂದರೆ ಹಲ್ಲೇ ಹೋಯಿತು. ನಿನ್ನ ಕಾಗದ ಬಂದು ಹತ್ತೊಂಬತ್ತು ದಿನವಾಯಿತು, ತಡವಾದದ್ದಕ್ಕೆ ಬೈಯಬೇಡ. ಫೋನಿನಲ್ಲಿ ನಾನು ಎರಡು ಸಲ ಮಾತು ತೇಲಿಸಿದೆ ಅಂತ ತಾನೇ ನೀನು ಕಾಗದ ಬರೆದದ್ದು? ಕಾಗದವನ್ನು ತೇಲಿಸುವುದು ಅಷ್ಟು ಸುಲಭವಲ್ಲ. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಹರಿದು ಹಾಕಿದೆ. ನೂರು ಜನರ ಉತ್ತರಪತ್ರಿಕೆಯನ್ನು ವಾರದೊಳಗೆ ತಿದ್ದಿ ಕೊಡುತ್ತಿದ್ದ ಮೇಷ್ಟ್ರಿಗೆ ಮಗಳ ಎರಡು ಪುಟಕ್ಕೆ ಉತ್ತರ ಹೊಳೆಯಲಿಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ, ಹಾಗಾಗಿದೆ ನನ್ನ ಕಥೆ.

ಇವತ್ತು ಬರೆಯದೆ ಗತಿಯಿಲ್ಲ. ಸೋಮವಾರ ನಿಮ್ಮ ತರಬೇತಿಯ ಅಣಕು ಡ್ರಿಲ್. ಕೊರಿಯರಿನವನು ಶನಿವಾರ ಮಧ್ಯಾಹ್ನದೊಳಗೆ ನಿನ್ನ ಹಾಸ್ಟೆಲಿಗೆ ಮುಟ್ಟಿಸುತ್ತೇನೆ ಎಂದಿದ್ದಾನೆ.

ನಿನ್ನ ಕಾಗದ ನನಗೆ ಬಾಯಿಪಾಠವಾಗಿದೆ. “ಅಪ್ಪ, ನಮ್ಮ ಕೋರ್ಸಿನ ಮುಖ್ಯಸ್ಥೆ ಯಾರು ಗೊತ್ತಾ? ಅವಳೇ. ಅವತ್ತು ನಾನು ಫೋನ್ ಮಾಡ್ದಾಗ ಎತ್ತಿದೋಳು. ಮೊದಲನೇ ವಾರವೇ ಅಮ್ಮನ ವಿಷಯಾನ ಪಾಠ ಮಾಡಿದ್ಳು, ಹೆಸರು ಹೇಳದೆ. ‘ಡ್ರಿಲ್ ನಡೀತಿದ್ದಾಗ ಒಂದು ನಿಜವಾದ ಕರೆ ಬಂತು, ಅದನ್ನ ಮುಟ್ಟಿಸೋದ್ರಲ್ಲಿ ನಾನು ಸೋತೆ’ ಅಂದ್ಳು. ಎಲ್ಲರೂ ನೋಟ್ಸ್ ಬರ್ಕೊಂಡ್ರು. ನಾನೂ ಬರ್ಕೊಂಡೆ ಅಪ್ಪ. ಡ್ರಿಲ್ ದಿನ ಎಲ್ಲರೆದುರು ಎದ್ದು ನಿಂತು ಕೇಳ್ತೀನಿ, ಆ ಮಗು ಫೋನ್ ಮಾಡ್ದಾಗ ಯಾಕೆ ಮೇಡಂ ಅವರಪ್ಪನಿಗೆ ಹೇಳ್ಲಿಲ್ಲ ಅಂತ.”

ಬೇಡ ಪುಟ್ಟಿ. ಡ್ರಿಲ್ ದಿನ ಹಿಂದಿನ ಸಾಲಿನಲ್ಲಿ ನಿಯಂತ್ರಣ ಸಂಸ್ಥೆಯವರು ಕೂತಿರುತ್ತಾರೆ. ಅವರೆದುರು ಆ ಪ್ರಶ್ನೆ ಬಿದ್ದರೆ ಪಾಠ ಹೇಳುವವಳು ಮತ್ತೆ ಡ್ರಿಲ್ ಹಾಲ್‌ಗೆ ಕಾಲಿಡುವ ಹಾಗಿಲ್ಲ. ಇಪ್ಪತ್ತೈದು ವರ್ಷದವಳಿಗೆ ಬೇಡ ಎಂದರೆ ಸಾಲದು, ಕಾರಣ ಕೊಡಬೇಕು ಎಂಬುದೂ ನನಗೆ ಗೊತ್ತು. ಅದಕ್ಕೇ ಅವಳ ವಿಷಯ ನಿನಗೆ ಗೊತ್ತಿಲ್ಲದ್ದನ್ನು ಸ್ವಲ್ಪ ಹೇಳುತ್ತೇನೆ.

ನನ್ನ ಕ್ಲಾಸಿನಲ್ಲಿ ಕಲಿಯುತ್ತಿದ್ದಾಗ ನಾವು ಅವಳನ್ನು ಅಡಿಗೆರೆ ಎನ್ನುತ್ತಿದ್ದೆವು. ಹೆಸರಿಟ್ಟವನು ನಾನೇ. ಮುಖ್ಯವಾದ ಪದಗಳ ಕೆಳಗೆ ಸ್ಕೇಲು ಇಟ್ಟು ಗೆರೆ ಎಳೆಯುತ್ತಿದ್ದಳು, ಅವಳಿಗೋ ಎಲ್ಲ ಪದವೂ ಮುಖ್ಯ. “ಅಮ್ಮಾ, ಗೆರೆ ಇಲ್ಲದ್ದು ಯಾವುದಾದ್ರೂ ಉಳಿದಿದ್ರೆ ತೋರ್ಸು, ಅದನ್ನ ಓದ್ಕೊಳ್ತೀನಿ” ಎಂದು ಛೇಡಿಸಿದರೆ ಕಿವಿಯವರೆಗೆ ಕೆಂಪಾಗುತ್ತಿದ್ದಳು. ಆದರೆ ಮರುದಿನ ಬಂದು, “ಸರ್, ನೀವು ನಿನ್ನೆ ಹೇಳಿದ ಮೂರನೇ ನಿಯಮಕ್ಕೂ ಏಳನೇ ನಿಯಮಕ್ಕೂ ತಾಳೆಯಾಗಲ್ಲ” ಎನ್ನುತ್ತಿದ್ದಳು. ನೋಡಿದರೆ ನಿಜವಾಗಿಯೂ ತಾಳೆಯಾಗುತ್ತಿರಲಿಲ್ಲ. ಆ ವರ್ಷದ ಪರೀಕ್ಷೆಯಲ್ಲಿ ಮೊದಲ ಸ್ಥಾನ ಅವಳದಾಗಬೇಕಿತ್ತು. ಐದು ಅಂಕಕ್ಕೆ ತಪ್ಪಿತು.

ನಮ್ಮ ಕೆಲಸ ಏನೆಂದು ನಿನಗೀಗ ಬಿಡಿಸಿ ಹೇಳಬೇಕಿಲ್ಲ, ನೀನೂ ಕ್ಲಿಯರಿಂಗ್ ಹೌಸಿನವಳೇ ಆದೆ. ನೀನು ಚಿಕ್ಕವಳಿದ್ದಾಗ “ಅಪ್ಪ ಆಫೀಸಲ್ಲಿ ಏನ್ ಮಾಡ್ತಾರೆ?” ಎಂದರೆ ನಿನ್ನಮ್ಮ, “ಕೊಳ್ಳೋನೂ ಮಾರೋನೂ ಒಬ್ಬರನ್ನೊಬ್ಬರು ನಂಬಲ್ಲ ಪುಟ್ಟಿ, ಇಬ್ಬರೂ ನಿಮ್ಮಪ್ಪನ ಆಫೀಸನ್ನ ನಂಬ್ತಾರೆ” ಎನ್ನುತ್ತಿದ್ದಳು. ಮೂವತ್ತು ವರ್ಷ ನಾನು ಮಾಡಿದ ಪಾಠದಲ್ಲಿ ಇದಕ್ಕಿಂತ ಸರಿಯಾದ ವಾಕ್ಯ ಒಂದೂ ಇಲ್ಲ.

ನಮ್ಮ ಡ್ರಿಲ್ ನಡೆಯುತ್ತಿದ್ದ ಮೂರನೇ ಮಹಡಿಯ ಹಾಲ್ ನೀನು ನೋಡಿಲ್ಲ. ಈಗ ಅದನ್ನು ಒಡೆದು ಕ್ಯಾಂಟೀನು ಮಾಡಿದ್ದಾರಂತೆ. ಆರು ಮೇಜು, ಆರು ಫೋನು, ಗೋಡೆಯ ಮೇಲೆ ಡ್ರಿಲ್ ಗಡಿಯಾರ. ಅದರಲ್ಲಿ ಹೊರಗಿನ ಸಮಯ ಇರುತ್ತಿರಲಿಲ್ಲ. ದೊಡ್ಡ ಬ್ರೋಕರೊಬ್ಬ ಬೆಳಿಗ್ಗೆ ಹಣ ಕಟ್ಟಲಾರೆನೆಂದು ಕೈಯೆತ್ತಿದ, ಸಂಜೆಯೊಳಗೆ ಏನೇನು ಮಾಡಬೇಕು ಎಂಬ ಒಂದು ಇಡೀ ದಿನವನ್ನು ಎರಡು ಗಂಟೆಯಲ್ಲಿ ಓಡಿಸಬೇಕಲ್ಲ, ಅದಕ್ಕಾಗಿ ಮುಳ್ಳನ್ನು ವೇಗವಾಗಿ ತಿರುಗಿಸುವ ಏರ್ಪಾಡು. ಹುಡುಗರು ನನ್ನನ್ನು ಗಡಿಯಾರ ಮೇಷ್ಟ್ರು ಎಂದು ಕರೆಯುತ್ತಿದ್ದದ್ದು ಆ ಕಾರಣಕ್ಕೆ. ಮೊಬೈಲುಗಳನ್ನೆಲ್ಲ ಬಾಗಿಲ ಬಳಿಯ ಡಬ್ಬಿಗೆ ಹಾಕಿಸುತ್ತಿದ್ದೆ, ನನ್ನದನ್ನೂ ಸೇರಿಸಿ. ಡ್ರಿಲ್ಲಿನ ಪ್ರತಿ ಕರೆಯೂ “ಡ್ರಿಲ್, ಡ್ರಿಲ್, ಡ್ರಿಲ್” ಎಂದೇ ಶುರುವಾಗಬೇಕು, ಕರೆ ಬರೆದುಕೊಳ್ಳುವ ಚೀಟಿಯಲ್ಲಿ ಹಾಲ್‌ನ ಗಡಿಯಾರದ ಸಮಯವನ್ನೇ ಬರೆಯಬೇಕು. ಇವೆರಡನ್ನೂ ಮೊದಲ ದಿನವೇ ಅವರ ತಲೆಗೆ ತುಂಬುತ್ತಿದ್ದೆ.

ನಿನ್ನ ತಲೆಗೂ ತುಂಬಿದ್ದೆ. ಇದೇ ಮೇಜಿನ ಮೇಲೆ ಸ್ಟೀಲ್ ಲೋಟವನ್ನು ಫೋನಿನ ಹಾಗೆ ಕಿವಿಗಿಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದೆವು, ನೆನಪಿದೆಯೇ? ಯಾರು, ಎಲ್ಲಿಂದ, ಏನಾಯಿತು, ಏನು ಬೇಕು. ಅಳಬಾರದು. ಹೇಳಿದ್ದನ್ನು ಇನ್ನೊಮ್ಮೆ ಹೇಳಬೇಕು. ಫೋನಿಟ್ಟ ಮೇಲೆ ಜಾಗ ಬಿಟ್ಟು ಕದಲಬಾರದು, ಅಪ್ಪ ಬರುತ್ತಾರೆ. ನಿನ್ನಮ್ಮ ಪಾತ್ರೆ ಒರೆಸುತ್ತಾ, “ಮಗೂನೂ ಕ್ಲಾಸಿಗೆ ಸೇರಿಸ್ಕೊಂಡ್ರಾ? ಫೀಸು ಎಷ್ಟು?” ಎಂದು ನಗುತ್ತಿದ್ದಳು.

ಆ ದಿನ ಅವಳು ಇಲ್ಲೇ, ಒಲೆಗೂ ಈ ಮೇಜಿಗೂ ನಡುವೆ ಬಿದ್ದಳು. ಹನ್ನೊಂದು ವರ್ಷದ ನೀನು, ನಾನು ಹೇಳಿಕೊಟ್ಟ ಹಾಗೆಯೇ ಹಾಲ್‌ನ ನಂಬರಿಗೆ ಫೋನ್ ಮಾಡಿದೆ, ಹೇಳಿಕೊಟ್ಟ ಹಾಗೆಯೇ ಜಾಗ ಬಿಟ್ಟು ಕದಲದೆ ಕಾದೆ. ಸುಮಾರು ಒಂದು ಗಂಟೆ. ಕೊನೆಗೆ ಎದುರುಮನೆಯ ಟೈಲರಮ್ಮ ರವಿಕೆಯ ಅಳತೆ ಕೇಳಲು ಬಂದವರು ನೋಡಿ, ಆಟೋ ಕರೆಸಿ ಆಸ್ಪತ್ರೆಗೆ ಸೇರಿಸಿದರು. “ಒಂದು ಗಂಟೆ ಮುಂಚೆ ಬಂದಿದ್ರೆ ಮಾತು ಉಳೀತಿತ್ತು” ಎಂದರು ಡಾಕ್ಟರು. ಆಮೇಲೆ ಒಂಬತ್ತು ವರ್ಷ ಅವಳು ಬದುಕಿದಳು, ಒಂದು ಮಾತೂ ಇಲ್ಲದೆ. ನಮ್ಮ ಮನೆಯಲ್ಲಿ ತಮಾಷೆ ಮಾಡುತ್ತಿದ್ದವಳು ಅವಳೊಬ್ಬಳೇ ಎಂದು ಆಗ ತಿಳಿಯಿತು.

ಆಸ್ಪತ್ರೆಯ ಕಾರಿಡಾರಿನಲ್ಲಿ ನೀನು ನನ್ನ ಅಂಗಿ ಹಿಡಿದುಕೊಂಡು, “ನಾನು ಸರಿಯಾಗೇ ಹೇಳ್ದೆ ಅಪ್ಪ” ಎಂದೆ. “ಅವರು ಡ್ರಿಲ್ ಅಂದ್ಕೊಂಡ್ರು ಮಗಳೇ, ನನಗೆ ಹೇಳ್ಲಿಲ್ಲ” ಎಂದೆ ನಾನು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ನಮ್ಮ ಮನೆಯಲ್ಲಿ ಅದೇ ಇತಿಹಾಸವಾಯಿತು. ಮುಂದಿನ ವರ್ಷ ನೀನು, “ನಾನು ಅತ್ತಿದ್ರೆ ನಂಬ್ತಿದ್ರಾ ಅಪ್ಪ?” ಎಂದು ಕೇಳಿದಾಗ ನಾನು ಪೇಪರಿನಿಂದ ತಲೆಯೆತ್ತದೆ, “ಇರಬಹುದು” ಎಂದೆ. ಆಮೇಲೆ ನೀನು ಕೇಳಲೇ ಇಲ್ಲ.

ಮೂರನೇ ದಿನ ಅಡಿಗೆರೆ ಆಸ್ಪತ್ರೆಗೆ ಬಂದಿದ್ದಳು, ಕೈಯಲ್ಲಿ ಕಾಫಿ ಫ್ಲಾಸ್ಕು. ನೀನು ವಾರ್ಡಿನ ಬಾಗಿಲಿಗೆ ಅಡ್ಡ ನಿಂತು, “ನೀವು ಹೋಗಿ. ನಿಮ್ಮಿಂದಲೇ ಆಗಿದ್ದು” ಎಂದೆ. ಅವಳು ನಿನ್ನ ತಲೆಯ ಮೇಲಿಂದ ನನ್ನನ್ನು ನೋಡಿದಳು. ನಾನು ಡ್ರಿಪ್ ಬಾಟಲಿ ನೋಡುತ್ತಿದ್ದೆ. ಅವಳು ಫ್ಲಾಸ್ಕನ್ನು ಬೆಂಚಿನ ಮೇಲಿಟ್ಟು ಹೊರಟುಹೋದಳು. ಆಮೇಲೂ ಅದೇ ಕಚೇರಿಯಲ್ಲಿ ಎಂಟು ವರ್ಷ ನನ್ನ ಕೈಕೆಳಗೆ ಕೆಲಸ ಮಾಡಿದಳು. ಆ ದಿನದ ಬಗ್ಗೆ ಒಂದೇ ಒಂದು ಮಾತು ಆಡಲಿಲ್ಲ.

ಈಗ ಎಲ್ಲ ಡ್ರಿಲ್ ಹಾಲುಗಳಲ್ಲೂ ಒಂದು ನಿಯಮವಿದೆ, ನೀನೂ ಓದಿರುತ್ತೀಯ. ‘ಡ್ರಿಲ್’ ಎನ್ನದೆ ಬಂದ ಕರೆ ಯಾವುದೇ ಇರಲಿ, ಹೊರಗೆ ವಿಚಾರಿಸುವವರೆಗೆ ಡ್ರಿಲ್ ನಿಲ್ಲಬೇಕು. ಅದನ್ನು ಬರೆದು, ನಾಲ್ಕು ಕಮಿಟಿ ಅಲೆದು, ಒಪ್ಪಿಸಿದವಳು ಅವಳು. ನಾನು ನಿವೃತ್ತನಾದ ದಿನ ಶಾಲು ಹೊದಿಸುತ್ತಾ, “ಈ ನಿಯಮ ಇವರ ಕೊಡುಗೆ” ಎಂದು ಯಾರೋ ಭಾಷಣ ಮಾಡಿದರು. ನಾನು ಕೈ ಮುಗಿದೆ. ಅವಳು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದಳು.

ಇಷ್ಟೇ ಪುಟ್ಟಿ. ಆ ದಿನ ಹಾಲಿನಲ್ಲಿ ಗದ್ದಲವಿತ್ತು, ಆರು ಫೋನೂ ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು, ಇಂಥವರದೇ ತಪ್ಪು ಎಂದು ಬೆರಳು ಮಾಡುವುದು ಕಷ್ಟ. ಅವಳು ಒಳ್ಳೆಯವಳು, ಒಳ್ಳೆಯ ಮೇಷ್ಟ್ರು. ಸೋಮವಾರ ಏನನ್ನೂ ಕೇಳಬೇಡ. ಡ್ರಿಲ್ ಮುಗಿಸು, ಸರ್ಟಿಫಿಕೇಟ್ ತೆಗೆದುಕೊಂಡು ಮನೆಗೆ ಬಾ. ಗೋಡೆಯ ಮೇಲೆ ನಿನ್ನಮ್ಮನ ಫೋಟೋದ ಪಕ್ಕ ಜಾಗ ಬಿಟ್ಟಿದ್ದೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಬುದ್ಧಿಗೆ ತಕ್ಕ ಯಶಸ್ಸೂ ನಿನ್ನಮ್ಮನ ನಗುವಿನಲ್ಲಿ ಅರ್ಧದಷ್ಟು ನಗುವೂ ನಿನಗೆ ಸಿಗಲಿ, ನೂರು ವರ್ಷ ಚೆನ್ನಾಗಿರು.

ಇತಿ,
ನಿನ್ನ ಅಪ್ಪ

ತಾ. ಕ. (ಶುಕ್ರವಾರ ಬೆಳಿಗ್ಗೆ)

ಲಕೋಟೆಗೆ ಅಂಟು ಹಚ್ಚಿಯಾಗಿತ್ತು. ಬೆಳಿಗ್ಗೆ ಎದ್ದು ಅದನ್ನು ಬಿಚ್ಚಿದೆ. ನಿನ್ನೆ ಬರೆದದ್ದನ್ನು ಓದಿದರೆ, ಉತ್ತರ ಗೊತ್ತಿದ್ದೂ ಪ್ರಶ್ನೆಯ ಸುತ್ತಮುತ್ತ ನಾಲ್ಕು ಪುಟ ಬರೆದ ವಿದ್ಯಾರ್ಥಿಯ ಪತ್ರಿಕೆ ಇದ್ದಂತಿದೆ. ನಾನಾಗಿದ್ದರೆ ಸೊನ್ನೆ ಹಾಕುತ್ತಿದ್ದೆ.

ಇದರ ಜೊತೆ ಒಂದು ಚೀಟಿ ಇಟ್ಟಿದ್ದೇನೆ. ಹಳದಿಯಾಗಿದೆ, ಮಡಿಕೆಯಲ್ಲಿ ಸ್ವಲ್ಪ ಹರಿದಿದೆ, ಹುಷಾರಾಗಿ ಬಿಚ್ಚು. ಅಕ್ಷರ ಅಡಿಗೆರೆಯದು. ಮಡಿಕೆಯಲ್ಲಿ ಅಳಿಸಿಹೋಗಿದ್ದರೆ ಎಂದು ಇಲ್ಲಿಯೂ ಬರೆಯುತ್ತೇನೆ.

“ಹಾಲ್ ಗಡಿಯಾರ 3-10. ಕೈಗಡಿಯಾರ 10-42. ಮೇಷ್ಟ್ರ ಮನೆಯಿಂದ ಮಗಳು. ಅಮ್ಮ ಅಡುಗೆಮನೆಯಲ್ಲಿ ಬಿದ್ದಿದ್ದಾರೆ. ಬಲಗೈ ಎತ್ತುತ್ತಿಲ್ಲ, ಮಾತು ಬರುತ್ತಿಲ್ಲ. ಅಪ್ಪ ಬರಬೇಕು. ಡ್ರಿಲ್ ಎಂದು ಹೇಳಲಿಲ್ಲ.”

ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಇದೆ, ಸ್ಕೇಲಿಲ್ಲದೆ ಎಳೆದದ್ದು.

ನೀನು ಫೋನಿಟ್ಟ ಎರಡೇ ನಿಮಿಷಕ್ಕೆ ಇದು ನನ್ನ ಕೈಯಲ್ಲಿತ್ತು. ಓದಿದೆ. “ಸರ್, ಒಂದ್ಸಲ ಮನೆಗೆ ಫೋನ್ ಮಾಡಿ, ನಿಜ ಅನ್ಸುತ್ತೆ” ಎಂದಳು. ಹಿಂದಿನ ಸಾಲಿನಲ್ಲಿ ನಿಯಂತ್ರಣ ಸಂಸ್ಥೆಯ ಮೂವರು ಕೂತಿದ್ದರು. ಅದಕ್ಕೆ ಮುಂಚಿನ ಎರಡು ಡ್ರಿಲ್‌ಗಳು ಅವರೆದುರೇ ನಡುವೆ ನಿಂತುಹೋಗಿ ನನ್ನ ಮಾನ ಹೋಗಿತ್ತು. ಈ ಸಲ ಎಲ್ಲ ಸರಾಗವಾಗಿ ನಡೆಯುತ್ತಿತ್ತು. ನಾನು ಎಲ್ಲರಿಗೂ ಕೇಳುವ ಹಾಗೆ, “ಕೂತ್ಕೊಳ್ಳಮ್ಮಾ. ಗಾಬರಿ ಬಿದ್ದೋರಿಗೆ ಇಲ್ಲಿ ಐದು ಮಾರ್ಕ್ಸ್ ಕಟ್” ಎಂದೆ. ಇಡೀ ಹಾಲ್ ನಕ್ಕಿತು. ಚೀಟಿಯನ್ನು ಜೇಬಿಗಿಟ್ಟೆ.

ಪರೀಕ್ಷಿಸಲೆಂದು ಆ ಮೂವರೇ ಮಾಡಿಸಿದ ಕರೆ ಇರಬೇಕು ಅಂದುಕೊಂಡೆ, ಎಂದು ಹದಿನಾಲ್ಕು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಕೈಗಡಿಯಾರದ ಸಮಯವನ್ನು ನಾನು ನೋಡಿದ್ದೆ. ಡ್ರಿಲ್ಲಿನಲ್ಲಿ ಯಾರೂ ಅದನ್ನು ಬರೆಯುವುದಿಲ್ಲ, ಹಾಗೆ ಕಲಿಸಿದವನೇ ನಾನು. ನೋಡಿಯೂ, ಇನ್ನು ಸ್ವಲ್ಪ ಹೊತ್ತು, ಇದೊಂದು ಮುಗಿಯಲಿ ಅಂದುಕೊಂಡೆ. ಐವತ್ತೈದು ನಿಮಿಷ. ಮುಗಿದಾಗ ಆ ಮೂವರೂ ಎದ್ದು ನಿಂತು ಕೈ ಕುಲುಕಿದರು.

ನಿನ್ನಮ್ಮನಿಗೆ ಹೇಳಿದ್ದೆ, ಅವಳ ಮಾತು ಹೋದ ಮೂರನೇ ವರ್ಷ. ಎಡಗೈಯಲ್ಲಿ ಸ್ಲೇಟಿನ ಮೇಲೆ ‘ಪುಟ್ಟಿಗೆ ಹೇಳಿ’ ಎಂದು ಸೊಟ್ಟಸೊಟ್ಟಗೆ ಬರೆದು ನನ್ನ ಕಡೆ ತಿರುಗಿಸಿದಳು. ನಾನು ಸ್ಲೇಟು ಒರೆಸಿಟ್ಟೆ.

ಸೋಮವಾರ ಸುಮ್ಮನಿರು ಎಂದು ನಿನ್ನೆ ಬರೆದೆನಲ್ಲ, ಅದನ್ನು ಹೊಡೆದುಹಾಕು. ಚೀಟಿ ಈಗ ನಿನ್ನದು. ಯಾರೆದುರು ಬೇಕೋ ಅವರೆದುರು ಓದು, ನನ್ನ ಹೆಸರು ಹಿಡಿದೇ ಓದು. ಆಮೇಲೆ ಮನೆಗೆ ಬರುವುದೂ ಬಿಡುವುದೂ ನಿನಗೆ ಸೇರಿದ್ದು, ಬಾ ಎನ್ನುವ ಬಾಯಿ ನನಗಿಲ್ಲ.

ಅತ್ತಿದ್ದರೆ ನಂಬುತ್ತಿದ್ದರಾ ಎಂದು ಕೇಳಿದ್ದೆಯಲ್ಲ. ಅಡಿಗೆರೆ ನಂಬಿದ್ದಳು ಪುಟ್ಟಿ. ನೀನು ಅಳದೆಯೇ ನಂಬಿದ್ದಳು.