ನಲವತ್ತಮೂರು ಮನೆಗಳಿಗೆ ಒಂದೇ ಚುಕ್ಕೆ

ತಂಗೀ,

ಈ ಕಾಗದ ಬರೆದವಳು ನಾನೇ ಹೌದೋ ಅಲ್ಲವೋ ಎಂಬ ಅನುಮಾನವಿದ್ದರೆ ಲಕೋಟೆಯ ಹಿಂಬದಿ ನೋಡು. ಆಸ್ಪತ್ರೆಯ ಬೆಡ್‌ಶೀಟುಗಳಿಗೆ ಗುರುತು ಹಾಕುವ ಕಪ್ಪು ಶಾಯಿಯಲ್ಲಿ ನಮ್ಮ ಮನೆ ನಂಬರು ಬರೆದಿದ್ದೇನೆ. ಎಷ್ಟು ಒಗೆದರೂ ಹೋಗದ ಶಾಯಿ ಅದು. ಒಳಗೆ ಇನ್ನೊಂದು ಕಾಗದವಿದೆ. ಅದನ್ನು ಆಮೇಲೆ ಓದು, ಮೊದಲು ಇದನ್ನು ಮುಗಿಸು.

ಫೋನಿನಲ್ಲೇ ಹೇಳಬಹುದಿತ್ತು. ಹದಿಮೂರು ತಿಂಗಳಿಂದ ನೀನು ನನ್ನ ಫೋನ್ ಎತ್ತಿಲ್ಲ ಎಂದು ಇಲ್ಲಿ ಎಲ್ಲರ ಹತ್ತಿರ ಹೇಳಿಕೊಂಡಿದ್ದೇನೆ. ನಾನು ಮಾಡಿದ್ದೇ ಎರಡು ಸಲ ಎಂಬುದನ್ನು ಯಾರಿಗೂ ಹೇಳಿಲ್ಲ. ಅಲ್ಲದೆ ಫೋನಿನಲ್ಲಿ ಆಡಿದ ಮಾತು ನಡುದಾರಿಯಲ್ಲಿ ಎಲ್ಲೆಲ್ಲಿ ಕೂತು ಎದ್ದು ಹೋಗುತ್ತದೋ ನನಗೆ ಗೊತ್ತಿಲ್ಲ. ನೀನು ನಗುತ್ತೀ. ನಗು, ಪರವಾಗಿಲ್ಲ.

ಅನುಮಾನ ಪಡುವುದನ್ನು ನಿನಗೆ ಕಲಿಸಿದವಳು ನಾನು. ಅಮ್ಮ ಹೋದಾಗ ನಿನಗೆ ಆರು ವರ್ಷ. ನಾನು ಕೆಲಸ ಮಾಡುವ ಆಸ್ಪತ್ರೆ ಲಾಂಡ್ರಿಯ ಮಡಚುವ ಮೇಜಿನ ಕೆಳಗೆ ಕೂರಿಸಿಕೊಂಡು, ಬೆಡ್‌ಶೀಟಿನ ಗಂಟುಗಳಿಗೆ ಸುತ್ತಿ ಬರುತ್ತಿದ್ದ ಪತ್ರಿಕೆಗಳಿಂದ ನಿನಗೆ ಓದು ಕಲಿಸಿದೆ. ನಮಗೆ ಸಿಗುತ್ತಿದ್ದುದು ಯಾವಾಗಲೂ ನಿನ್ನೆ ಮೊನ್ನೆಯ ಸುದ್ದಿ. ಒಂದೊಂದು ಸುದ್ದಿಗೂ ಮೂರು ಪ್ರಶ್ನೆ ಕೇಳಿಸುತ್ತಿದ್ದೆ: ಹೇಳಿದ್ದು ಯಾರು, ಯಾವಾಗ ಹೇಳಿದರು, ಹೇಳಿದ್ದರಿಂದ ಅವರಿಗೇನು ಲಾಭ. ‘ಮೂಲಗಳು ತಿಳಿಸಿವೆ’ ಎಂದು ಓದಿದಾಗಲೆಲ್ಲ ನೀನು ಮೇಜಿನ ಕೆಳಗಿಂದ, "ಅಕ್ಕಾ, ಮೂಲದ ಮನೆ ಎಲ್ಲಿದೆ?" ಎನ್ನುತ್ತಿದ್ದೆ. ಇಸ್ತ್ರಿ ಉರುಳೆಯ ಹತ್ತಿರ ನಿಂತವರೆಲ್ಲ ನಗುತ್ತಿದ್ದರು.

ಆ ಪ್ರಶ್ನೆಗಳೇ ನಿನ್ನನ್ನು ಪರೀಕ್ಷೆಗಳವರೆಗೆ, ಅಲ್ಲಿಂದ ಆ ಟ್ಯಾಬಿನವರೆಗೆ ಕರೆದುಕೊಂಡು ಹೋದವು. ವಿಶ್ವವಿದ್ಯಾಲಯದವರು ನಿನ್ನನ್ನು ‘ಸಮುದಾಯ ಸಂಶೋಧಕಿ’ ಎಂದು ಆರಿಸಿದ ದಿನ ನೀನು ಕೊರಳಿಗೆ ಚೀಟಿ ನೇತುಹಾಕಿಕೊಂಡು, ಉತ್ತರ ತುಂಬುವ ಟ್ಯಾಬ್ ಪೆಟ್ಟಿಗೆ ಹಿಡಿದುಕೊಂಡು ಬಂದೆ. ಮಕ್ಕಳು ಮನೆಯಲ್ಲಿ ಹೇಗೆ ಓದುತ್ತಾರೆ, ಫೋನಿನ ಪಾಠ ಯಾರಿಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂದು ಮನೆಮನೆಗೆ ಹೋಗಿ ಕೇಳುವುದು ನಿನ್ನ ಕೆಲಸ. ನಮ್ಮವರಿಂದಲೇ ನಮ್ಮ ವಿಷಯ ತಿಳಿದುಕೊಳ್ಳುತ್ತಾರಂತೆ, ಆಮೇಲೆ ಅದರಿಂದ ಬೀದಿಗೆ ಒಳ್ಳೆಯದಾಗುತ್ತದಂತೆ. ನನಗೆ ಮೊದಲು ಹೊಳೆದದ್ದು ಇಷ್ಟೆ: ಹೊರಗಿನವರಿಗೆ ಬಾಗಿಲು ತೆಗೆಯುವುದಿಲ್ಲ ಎಂದು ಗೊತ್ತಾಗಿ ಒಳಗಿನವಳ ಕೈಯಲ್ಲಿ ಕೀಲಿ ಕೊಟ್ಟಿದ್ದಾರೆ.

ಆ ದಿನ ನಾನು ನಿನ್ನನ್ನು ಕೇಳಿದ್ದು ನೆನಪಿದೆಯೇ? "ಆ ಪೆಟ್ಟಿಗೆಗೆ ತಾನು ಎಲ್ಲಿ ಕೂತಿದೀನಿ ಅಂತ ಗೊತ್ತಾಗುತ್ತೇನೇ?" ನೀನು ಮುಚ್ಚಿಡಲಿಲ್ಲ. "ಹೂಂ ಅಕ್ಕ, ಯಾವ ಮನೆ ಅಂತ ಅದಕ್ಕೆ ಗೊತ್ತಾಗುತ್ತೆ" ಎಂದೆ. ನಾನು ಅಲ್ಲಿಗೇ ನಿರ್ಧಾರ ಮಾಡಿಬಿಟ್ಟೆ.

ನಮ್ಮ ಲಾಂಡ್ರಿ ಮನೆಗಳ ಸಾಲಿನ ಪದ್ಧತಿ ನಿನಗೆ ಹೊಸದಲ್ಲ. ಹೊರಗಿನವರು ಏನಾದರೂ ಕೇಳಲು ಬರುತ್ತಾರೆ ಎಂದು ಗೊತ್ತಾದರೆ ಹಿಂದಿನ ದಿನವೇ ಮಡಚುವ ಮೇಜಿನ ಸುತ್ತ ನಿಂತು ಉತ್ತರ ಗೊತ್ತುಮಾಡಿಕೊಳ್ಳುತ್ತೇವೆ. ಎಲ್ಲರದ್ದೂ ಒಂದೇ ಬಾಯಿ. ಹಿಂದೊಮ್ಮೆ ಒಬ್ಬಳು ಮಾತ್ರ ಬೇರೆ ಹೇಳಿದ್ದಳು, ಉರುಳೆಯಲ್ಲಿ ಕೈ ಸುಟ್ಟಿದ್ದನ್ನು ಇದ್ದ ಹಾಗೇ ಹೇಳಿದ್ದಳು. ಆ ತಿಂಗಳೇ ಅವಳ ಮನೆಯ ಸಾಮಾನು ಬೀದಿಗೆ ಬಂತು. ಮನೆಗಳು ಲಾಂಡ್ರಿಯವು, ಬಾಯಿ ಮಾತ್ರ ನಮ್ಮದು. ಅಂದಿನಿಂದ ಆ ಬಾಯಿಯನ್ನೂ ಒಟ್ಟಿಗೆ ಕಟ್ಟಿಟ್ಟಿದ್ದೇವೆ.

ಈ ಸಲ ಮುಚ್ಚಿಡಬೇಕಾದ್ದು ದಿಂಬಿನ ಕವರು. ಸಂಜೆ ಗಂಟು ಗಂಟಾಗಿ ಮನೆಗಳಿಗೆ ಬರುತ್ತಿದ್ದ ಕವರುಗಳನ್ನು ಮಡಚುತ್ತಿದ್ದವರು ನಮ್ಮ ಹೆಣ್ಣುಮಕ್ಕಳು. ಶಾಲೆಯಿಂದ ಬಂದ ಕೂಡಲೇ ಕೂತರೆ ಊಟದ ಹೊತ್ತಿಗೆ ಏಳುತ್ತಿದ್ದರು. ನೀನೂ ಹಾಗೆಯೇ ಕೂತವಳು. ಇದನ್ನು ಯಾರಾದರೂ ಬರೆದುಕೊಂಡರೆ ಲಾಂಡ್ರಿಗೂ ಕುತ್ತು, ಮನೆಗಳಿಗೂ ಕುತ್ತು. ಅದಕ್ಕೇ ಉತ್ತರ ಗೊತ್ತು ಮಾಡಿದೆವು: ಮನೆಯಲ್ಲಿ ಫೋನ್ ಇದೆ, ಮಗು ದಿನಾ ಎರಡು ಗಂಟೆ ಓದುತ್ತೆ, ತೊಂದರೆ ಏನೂ ಇಲ್ಲ, ಏನೂ ಬೇಕಾಗಿಲ್ಲ. ಬಟ್ಟೆಗೆ ಗಂಜಿ ಹಾಕುವ ಅಜ್ಜಿಗೆ ಮೊಮ್ಮಕ್ಕಳೇ ಇಲ್ಲ. ಅವಳೂ ‘ಮೊಮ್ಮಗ ದಿನಾ ಎರಡು ಗಂಟೆ ಓದುತ್ತಾನೆ’ ಎಂದು ಬಾಯಿಪಾಠ ಮಾಡಿಕೊಂಡಳು.

ನಿನ್ನ ಪೆಟ್ಟಿಗೆಗೆ ಒಂದು ಮನೆಯ ಗುರುತೂ ಸಿಗಬಾರದೆಂದು ಎಲ್ಲರನ್ನೂ ನಮ್ಮ ಜಗಲಿಗೇ ಕರೆಸಿದೆ. ನೀನು ಮನೆಮನೆಗೆ ಹೋಗುತ್ತೇನೆ ಎಂದೆ. ಒಳಗೆಲ್ಲ ಗಲೀಜಾಗಿದೆ, ನಾಚಿಕೆಯಾಗುತ್ತೆ ಅಂತಿದ್ದಾರೆ ಎಂದು ನಾನು ಸುಳ್ಳು ಹೇಳಿದೆ. ಎರಡು ಮಧ್ಯಾಹ್ನ ನೀನು ಆ ಜಗಲಿಯಲ್ಲಿ ಕೂತೆ. ನಲವತ್ತಮೂರು ಜನ ಬಂದರು, ಒಂದೇ ಮಾತು ಹೇಳಿದರು, ಹೋದರು. ಕೊನೆಕೊನೆಗೆ ನೀನು ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಬರುತ್ತಿತ್ತು. ನೀನು ತಲೆಯೆತ್ತಿ ನನ್ನನ್ನು ನೋಡಿದೆ. ನಾನು ಸೊಪ್ಪು ಬಿಡಿಸುತ್ತಿದ್ದೆ, ಬಿಡಿಸುತ್ತಲೇ ಇದ್ದೆ.

ಅದಾಗಿ ಒಂಬತ್ತನೇ ದಿನ ಲಾಂಡ್ರಿಗೆ ಸರ್ಕಾರದ ಇನ್ಸ್‌ಪೆಕ್ಟರ್ ಬಂದ. ಗಂಟು ಹೊತ್ತ ಒಂದು ಹುಡುಗಿಯನ್ನು ಗೇಟಿನಲ್ಲಿ ನಿಲ್ಲಿಸಿ ವಯಸ್ಸು ಕೇಳಿದನಂತೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು. ಆದರೆ ಆ ದಿನ ನಾನು ಮುಟ್ಟಿ ನೋಡಿದ್ದು ನಿನ್ನ ಹೆಗಲನ್ನು. ಸಂಜೆ ನೀನು ಬಂದೆ. ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ನಿಂತು, "ಅಕ್ಕ, ಒಂದು ಮಾತು ಹೇಳ್ಬೇಕಿತ್ತು" ಎಂದೆ. ನಾನು ಹೇಳಲು ಬಿಡಲಿಲ್ಲ. "ಒಂದೇ ತಟ್ಟೇಲಿ ಉಂಡು ನಮ್ಮನ್ನೇ ಬರೆದು ಕೊಟ್ಟೆಯಲ್ಲೇ" ಎಂದೆ. ನೀನು "ಹಾಗಂತ ಯಾರು ಹೇಳಿದ್ರು ಅಕ್ಕ?" ಎಂದೆ. ನನ್ನದೇ ಮೊದಲ ಪ್ರಶ್ನೆ. ಉತ್ತರ ಇಲ್ಲದವರಿಗೆ ಬರುವ ಸಿಟ್ಟು ಬಂತು, ಅಷ್ಟೆ. ಎರಡು ದಿನದ ಮೇಲೆ ನೀನು ಊರು ಬಿಟ್ಟೆ. ತಪ್ಪು ಮಾಡದವಳು ಯಾಕೆ ಹೋಗುತ್ತಾಳೆ ಎಂದು ನಾನು ಸಾಲಿಗೆಲ್ಲ ಹೇಳಿದೆ.

ಇನ್ಸ್‌ಪೆಕ್ಟರ್ ಬಂದದ್ದು ಬಾಯ್ಲರಿನ ಪರವಾನಗಿ ನೋಡಲು ಎಂದು ಬಾಯ್ಲರಿನವನು ಹೇಳಿದ್ದು ಆರು ತಿಂಗಳ ನಂತರ. ಅವನೊಬ್ಬನ ಮಾತು, ಒಂದೇ ಮೂಲ, ಅದನ್ನು ನಂಬುವುದು ಹೇಗೆ ಎಂದು ಸುಮ್ಮನಾದೆ. ನಿಜ ಹೇಳಬೇಕೆಂದರೆ ನನಗೆ ನಂಬಲು ಇಷ್ಟವಿರಲಿಲ್ಲ. ನಿನ್ನ ಮೇಲೆ ತಪ್ಪು ಹೊರಿಸುವಾಗ ಒಂದು ಮೂಲವೂ ಬೇಕಾಗಿರಲಿಲ್ಲ ನೋಡು.

ಹೋದ ತಿಂಗಳು ನಿನ್ನ ವಿಶ್ವವಿದ್ಯಾಲಯದ ಆ ಕನ್ನಡಕದ ಮೇಡಂ ಬಂದರು. ವರದಿ ಅಚ್ಚಾಗುವ ಮೊದಲು ಜನರ ಮುಂದೆ ಓದಬೇಕೆಂಬುದು ಅವರ ನಿಯಮವಂತೆ. ನಾವು ಬಂದದ್ದು ಓದು ಕೇಳಲಿಕ್ಕಲ್ಲ, ಏನು ಬರೆದುಕೊಂಡಿದ್ದಾರೆ ಎಂದು ಕಾಯಲಿಕ್ಕೆ. ಒಣಗಿಸುವ ಕೋಣೆಯಲ್ಲಿ ಒಂದು ಬೆಡ್‌ಶೀಟು ಕಟ್ಟಿ ಅದರ ಮೇಲೆ ಬೆಳಕಿನಲ್ಲಿ ನಕ್ಷೆ ಬಿಟ್ಟರು. ಪಕ್ಕದ ಡಿಪೋ ಬೀದಿಯಲ್ಲಿ, ಟ್ಯಾಬ್ ಹೋದ ಮನೆಗೊಂದರಂತೆ, ಚೆಲ್ಲಿದ ಸಾಸಿವೆಯ ಹಾಗೆ ಚುಕ್ಕೆಗಳು. ನಮ್ಮ ಸಾಲಿನಲ್ಲಿ ಒಂದೇ ಚುಕ್ಕೆ.

ಒಬ್ಬ ಕಾರ್ಯಕರ್ತೆ ಮನೆಗಳಿಗೆ ಹೋಗದೆ ಒಂದೇ ಕಡೆ ಕೂತು ತಾನೇ ಉತ್ತರ ತುಂಬಿದ್ದಾಳೆ, ಒಂದೊಂದು ಮನೆಗೆ ನಾಲ್ಕೇ ನಿಮಿಷ, ಉತ್ತರಗಳೆಲ್ಲ ಪಡಿಯಚ್ಚು, ಅದಕ್ಕೆ ಅವಳನ್ನು ಕೆಲಸದಿಂದ ತೆಗೆದು ಈ ಸಾಲಿನ ಮಾಹಿತಿ ಬಿಟ್ಟುಬಿಟ್ಟೆವು ಎಂದು ಮೇಡಂ ಹೇಳಿದರು. ಸರ್ವೆ ನೋಡಿ ಕೊಟ್ಟ ಸಂಜೆ ಪಾಠದ ಕೋಣೆ, ಕಂಪ್ಯೂಟರು, ಮೇಷ್ಟ್ರು ಎಲ್ಲ ಡಿಪೋ ಬೀದಿಗೆ ಹೋದವು. ಆ ಕಾರ್ಯಕರ್ತೆಯನ್ನು ಯಾವಾಗ ತೆಗೆದಿರಿ ಎಂದು ಕೇಳಿದೆ. ಮೇಡಂ ಪುಸ್ತಕ ನೋಡಿ ತಾರೀಕು ಹೇಳಿದರು. ಇನ್ಸ್‌ಪೆಕ್ಟರ್ ಬಂದ ದಿನ. ನೀನು ಹೊಸ್ತಿಲಲ್ಲಿ ನಿಂತಿದ್ದ ದಿನ.

ಯಂತ್ರ ಹೇಳಿತೆಂದು ತೆಗೆದುಬಿಟ್ಟಿರಾ, ಅವಳನ್ನು ಒಂದು ಮಾತು ಕೇಳಲಿಲ್ಲವೇ ಎಂದೆ. "ಕೇಳಿದ್ವಿ. ಮೂರು ಸಲ ಕೇಳಿದ್ವಿ. ಅವಳು ಬಾಯೇ ಬಿಡಲಿಲ್ಲ" ಎಂದರು.

ತಂಗೀ, ಜಗಲಿಗೆ ಅವರೇ ಬಂದರು ಎಂದು ನೀನು ಹೇಳಿದ್ದರೆ ಸಾಕಿತ್ತು. ಯಾಕೆ ಬಂದರು ಎಂದು ಮುಂದಿನ ಪ್ರಶ್ನೆ ಬರುತ್ತಿತ್ತು, ಅದರ ಮುಂದೆ ದಿಂಬಿನ ಕವರು ಇತ್ತು. ಕಳ್ಳಿ ಎನಿಸಿಕೊಂಡು ನೀನು ಸಾಲಿನ ಬಾಯಿ ಕಾಪಾಡಿದೆ. ಮನೆಗೆ ಬಂದರೆ ಅದೇ ಬಾಯಿ ನಿನ್ನನ್ನು ಕಚ್ಚಿತು.

ಆ ದಿನ ನಾನು ಎದ್ದು ನಿಂತು ಹೇಳಿದೆ ಎಂದು ಬರೆಯಬೇಕೆಂದು ಆಸೆ. ಹೇಳಲಿಲ್ಲ. ಎಲ್ಲರ ಜೊತೆ ನಾನೂ ನೆಲ ನೋಡಿದೆ. ವರದಿ ಒಂದು ವಾರದಲ್ಲಿ ಅಚ್ಚಿಗೆ ಹೋಗುತ್ತದೆ, ತಿದ್ದುವುದಿದ್ದರೆ ಅಷ್ಟರೊಳಗೆ ತಿಳಿಸಿ ಎಂದು ಮೇಡಂ ಹೊರಟುಹೋದರು.

ಮರುದಿನ ಡಿಪೋ ಬೀದಿಗೆ ಹೋದೆ. ಕಿಟಕಿಯಿಂದ ನೋಡಿದೆ. ನಾಲ್ಕು ಕಂಪ್ಯೂಟರ್ ಎಂದಿದ್ದರು. ಎರಡರ ಮೇಲೆ ಬಟ್ಟೆ ಮುಚ್ಚಿತ್ತು, ಕೆಟ್ಟಿರಬೇಕು. ಗೋಡೆಯ ಮೇಲೆ ಕೊಟ್ಟವರ ಹೆಸರು ಮಕ್ಕಳ ತಲೆಗಿಂತ ದೊಡ್ಡದಾಗಿತ್ತು. ನನ್ನ ಅನುಮಾನಕ್ಕೆ ಬೇಕಾದ್ದೆಲ್ಲ ಅಲ್ಲಿತ್ತು. ಆದರೆ ನನ್ನ ಮಗಳ ವಯಸ್ಸಿನ ಒಬ್ಬಳು ಮೇಷ್ಟ್ರ ಜೊತೆ ವಾದಕ್ಕೆ ಇಳಿದಿದ್ದಳು. "ಪರದೆ ಮೇಲೆ ಇದೆ ಅಂದ ಮಾತ್ರಕ್ಕೆ ನಿಜಾನಾ ಸಾರ್? ಬರೆದೋರು ಯಾರು?" ಎನ್ನುತ್ತಿದ್ದಳು. ಮೇಜಿನ ಕೆಳಗೆ ಕೂತ ನೀನೇ ಕಂಡೆ. ಮನೆಗೆ ಬಂದಾಗ ನನ್ನ ಮಗಳು ಇನ್ನೂರನೇ ಕವರು ಮಡಚುತ್ತಿದ್ದಳು. ಅವಳು ನನ್ನನ್ನು ಏನೂ ಕೇಳಲಿಲ್ಲ. ಏಳನೇ ತರಗತಿಯ ಮಗು ಇಡೀ ಸಂಜೆ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ.

ಮೇಡಮ್ಮಿಗೆ ನಿಜ ಹೇಳಿಬಿಡೋಣ ಎಂದು ಮಡಚುವ ಮೇಜಿನ ಹತ್ತಿರ ಮಾತೆತ್ತಿದೆ. ದೊಡ್ಡ ಗಲಾಟೆಯೇ ಆಯಿತು. ನಿನ್ನ ತಂಗಿಯ ಮಾನ ಉಳಿಸಲು ನಮ್ಮ ಸೂರು ಕೀಳಬೇಕೇ ಎಂದು ಉರುಳೆಯವಳು ಕೇಳಿದಳು. ನ್ಯಾಯವಾದ ಪ್ರಶ್ನೆಯೇ. ಆ ಮೇಡಮ್ಮಿಗೆ ಇದರಿಂದ ಏನು ಸಿಗುತ್ತೆ, ಇನ್ನೊಂದು ಪುಸ್ತಕ ತಾನೇ ಎಂದು ಇನ್ನೊಬ್ಬಳು ಕೇಳಿದಳು. ಅದೂ ನನ್ನದೇ ಪ್ರಶ್ನೆ, ಅವಳ ಬಾಯಿಂದ. ಕೊನೆಗೆ ಗಂಜಿ ಅಜ್ಜಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ಇಲ್ಲದ ಮೊಮ್ಮಗನಿಗೆ ಎರಡು ಗಂಟೆ ಪಾಠ ಹೇಳಿಸಿದೀನಿ ಕಣ್ರೇ. ಇರೋ ಮಕ್ಕಳಿಗೆ ಅರ್ಧ ಗಂಟೆ ಹೇಳ್ಸೋಕಾಗಲ್ವಾ ನಿಮಗೆ?" ಎಂದಳು.

ನಾಲ್ಕನೇ ದಿನ ಮೇಡಮ್ಮನ್ನು ಕರೆಸಿದೆ. ಟ್ಯಾಬ್ ತೆಗೆಯಲು ಹೋದರು. ಅದನ್ನು ಚೀಲದಲ್ಲೇ ಇಡಿ, ಕಾಗದದ ಮೇಲೆ ಬರೆಯಿರಿ, ಬರೆದದ್ದನ್ನು ನಾನು ಓದಿದ ಮೇಲೆ ತೆಗೆದುಕೊಂಡು ಹೋಗಿ ಎಂದೆ. ಸಾಲಿನ ಪರವಾಗಿ ಏನೂ ಹೇಳಲಿಲ್ಲ. ನನ್ನ ಮನೆಯ ಮಾತು ಮಾತ್ರ ಹೇಳಿದೆ: ನನ್ನ ಮಗಳು ದಿನಾ ಸಂಜೆ ಕವರು ಮಡಚುತ್ತಾಳೆ, ಓದುವುದಿಲ್ಲ. ಜಗಲಿಗೆ ಎಲ್ಲರನ್ನೂ ಕರೆಸಿದವಳು ನಾನು, ಉತ್ತರ ಹೇಳಿಕೊಟ್ಟವಳು ನಾನು. ನನ್ನ ತಂಗಿ ಕೇಳಿಸಿಕೊಂಡದ್ದನ್ನೇ ಬರೆದಿದ್ದಾಳೆ, ಸುಳ್ಳು ನಮ್ಮದು. ಹೇಳಿ ಮುಗಿಸಿ ಹಿಂದೆ ನೋಡಿದೆ. ಗಂಜಿ ಅಜ್ಜಿ ನಿಂತಿದ್ದಳು. ಸಂಜೆಯ ಹೊತ್ತಿಗೆ ನನ್ನದೂ ಸೇರಿ ಒಂಬತ್ತು ಮನೆಯವರು ತಮ್ಮ ತಮ್ಮ ಮಾತು ಹೇಳಿದ್ದರು. ಮೂವತ್ತನಾಲ್ಕು ಮನೆಯವರು ಬಾಗಿಲು ಹಾಕಿಕೊಂಡರು. ಅವರನ್ನು ನಾನು ಬಯ್ಯುವುದಿಲ್ಲ.

ಲಾಂಡ್ರಿಯ ಮಾಲೀಕರು ಈವರೆಗೆ ಏನೂ ಅಂದಿಲ್ಲ. ಈ ವಾರ ನಮ್ಮ ಒಂಬತ್ತು ಮನೆಗಳಿಗೆ ಗಂಟು ಬಂದಿಲ್ಲ. ನಾಳೆ ಮನೆ ಖಾಲಿ ಮಾಡಿ ಎಂದರೂ ಎನ್ನಬಹುದು. ಹೆದರಿಕೆ ಇದೆ. ನನ್ನ ಮಗಳು ಮಾತ್ರ ಸಂಜೆ ಕೈ ಖಾಲಿ ಇಟ್ಟುಕೊಂಡು ಏನು ಮಾಡಬೇಕೆಂದು ತಿಳಿಯದೆ ಕೂತಿದ್ದಾಳೆ.

ಒಳಗಿರುವ ಕಾಗದ ಮೇಡಂ ಕೊಟ್ಟದ್ದು. ಮೊದಲು ಬರೆದುಕೊಟ್ಟಿದ್ದರಲ್ಲಿ ‘ಗೊಂದಲದಿಂದಾಗಿ ಕೈಬಿಡಲಾಗಿತ್ತು’ ಎಂದಿತ್ತು. ಯಾರ ಗೊಂದಲ, ಯಾರು ಕೈಬಿಟ್ಟರು, ಪತ್ರಿಕೆಯವರ ಹಾಗೆ ಬರೆಯಬೇಡಿ ಎಂದು ಎರಡು ಸಲ ತಿದ್ದಿಸಿದೆ. ಈಗ ನಿನ್ನ ಮಾಹಿತಿ ಕೃತಕವಲ್ಲ ಎಂದೂ, ತೆಗೆದದ್ದು ತಮ್ಮ ತಪ್ಪು ಎಂದೂ ಸರಿಯಾಗಿ ಬರೆದಿದ್ದಾರೆ. ಆದರೂ ಸಹಿ ನೋಡು, ತಾರೀಕು ನೋಡು, ನೀನೇ ಫೋನ್ ಮಾಡಿ ವಿಚಾರಿಸು. ನಮ್ಮ ಸಾಲಿನಲ್ಲಿ ಮತ್ತೆ ಸರ್ವೆ ಮಾಡುತ್ತಾರಂತೆ. ಯಾರು ಮಾಡಬೇಕು ಎಂದು ಕೇಳಿದರು. ಒಂಬತ್ತು ಮನೆಯವರೂ ನಿನ್ನನ್ನೇ ಹೇಳಿದರು. ನಂಬು ತಂಗೀ, ಈ ಉತ್ತರವನ್ನು ನಾವು ಮೊದಲೇ ಗೊತ್ತು ಮಾಡಿಕೊಂಡಿರಲಿಲ್ಲ.

ನೀನು ಬರಲೇಬೇಕೆಂದು ಹೇಳುವ ಹಕ್ಕು ನನಗಿಲ್ಲ. ಈಗ ನೀನು ಸೇರಿರುವ ಆ ಝೆರಾಕ್ಸ್ ಅಂಗಡಿಯ ಕೆಲಸದಲ್ಲಿ ನೆಮ್ಮದಿಯಿದ್ದರೆ ಅಲ್ಲೇ ಇರು. ಬರುವುದಾದರೆ ಜಗಲಿಯಲ್ಲಿ ಕೂರಬೇಡ. ಮೊದಲು ನಮ್ಮ ಬಾಗಿಲು ತಟ್ಟು, ಒಳಗೆ ಬಾ, ಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡು ನನ್ನೊಬ್ಬಳನ್ನೇ ಕೇಳು. ಅದು ನಮ್ಮ ಮನೆಗೆ ಚುಕ್ಕೆ ಇಟ್ಟುಕೊಳ್ಳಲಿ. ಆಮೇಲೆ ಆ ಚುಕ್ಕೆ ಎಲ್ಲಿಗೆ ಹೋಗುತ್ತದೆ, ಯಾರು ನೋಡುತ್ತಾರೆ ಎಂದು ನಾನು ಕೇಳುತ್ತೇನೆ. ಅದಕ್ಕೆ ನೀನು ಉತ್ತರ ಕೊಡಬೇಕಾಗುತ್ತದೆ.

ನಿನ್ನ ಮಾತು ನಿನ್ನದಾಗಿಯೇ ಉಳಿಯಲಿ, ನಿನ್ನನ್ನು ಕೇಳದೆ ಯಾರೂ ನಿನ್ನ ಬಗ್ಗೆ ಬರೆಯದಿರಲಿ.

ಆ ದಿನ ಹೊಸ್ತಿಲಲ್ಲಿ ನೀನು ಹೇಳಬೇಕೆಂದಿದ್ದ ಮಾತನ್ನು ಕೇಳಲು ಕಾದಿರುವ,
ನಿನ್ನ ಅಕ್ಕ