ನಳಿಕಿ ಮ್ಯಾಲಿನ ಹೆಸರು

ವೈಶಾಲಿ ಅಪ್ಪನವರಿಗೆ,

ಮಗಳನ್ನ ಕರಕೊಂಡು ತುಬಚಿಗೆ, ನಮ್ಮ ಅವ್ವನ ಮನಿಗೆ ಹೊಂಟೇನಿ. ರೊಟ್ಟಿ ಬುಟ್ಟ್ಯಾಗ ಅದಾವ, ಝುಣಕ ಮುಚ್ಚಿಟ್ಟೇನಿ. ಮರಿ ಹಾಕಿದ ನಾಯಿಗೆ ಮೊದಲ ಹಾಲು ಇಡ್ರಿ, ಆಮ್ಯಾಲೆ ನೀವು ಉಣ್ರಿ.

ನೀವು ತರಿಸಿದ ಡಿಎನ್‌ಎ ಡಬ್ಬಿ ಕಪಾಟಿನ್ಯಾಗ ಸಿಕ್ತು. ನಮ್ಮ ಹಿರೇರು ಎಲ್ಲಿಂದ ಬಂದಾರ ನೋಡೂಣು ಅಂದಿದ್ರಿ, ಛಲೋ ಆತು. ಆದ್ರ ಉಗುಳು ತುಂಬೋ ನಳಿಕಿ ಎರಡ ಅದಾವ. ಒಂದರ ಮ್ಯಾಲೆ ನಿಮ್ಮ ಹೆಸರು, ಇನ್ನೊಂದರ ಮ್ಯಾಲೆ ವೈಶಾಲಿ ಹೆಸರು. ಹಿರೇರನ್ನ ಹುಡುಕಾವ್ರು ಒಂದನೇ ಕ್ಲಾಸಿನ ಹುಡುಗಿ ಬಾಯಾಗ ಯಾಕ ಹುಡುಕ್ತಾರ?

ಮಗಳ ಹೆಸರಿಗೆ ಗೀಟು ಎಳದು ನಿಮ್ಮ ಅವ್ವನ ಹೆಸರು ಬರದೇನಿ. ಅವರ ಬಾಯಾಗ ಯಾವಾಗಲೂ ಎಲಿ-ತಂಬಾಕು ಇರ್ತೈತಿ. ಎಲಿ ಇಡೋ ಚಂಚಿ ಮುಚ್ಚಿಟ್ಟು, ಬಾಯಿ ಮುಕ್ಕಳಿಸಿ, ಅರ್ಧ ತಾಸು ಬಿಟ್ಟು ಉಗುಳಿಸ್ರಿ. ಅದನ್ನ ಕಳಿಸಿದ್ರ ಫೋನ್ ಮಾಡ್ರಿ, ಸಂಜಿ ಬಸ್ಸಿಗೆ ಬರ್ತೀವಿ. ಕಳಿಸಾಕ ಮನಸ್ಸಿಲ್ಲಂದ್ರ ಫೋನ್ ಬ್ಯಾಡ, ನನಗ ತಿಳೀತೈತಿ.

ಇವತ್ತ ಬೀಳಗಿಯಿಂದ ಮರಿ ಕೊಳ್ಳಾವ್ರು ಬರ್ತಾರ. ಇವುಗಳ ತಂದಿ ಖರೆ ಮುಧೋಳ ನಾಯಿನ ಏನು ಅಂತ ಕೇಳಿದ್ರ, ಯಾವಾಗಿನಂಗ 'ನನ್ನ ಮಾತು ನಂಬ್ರಿ' ಅನ್ರಿ. ಅವರಿಗೆ ನಿಮ್ಮ ಗುರುತಿಲ್ಲ. ಆದ್ರೂ ನಂಬ್ತಾರ.

ಮಧುಮತಿ