ಮಹಾರಾಣಿ ಎದ್ದಳು

ಅಡುಗೆಮನೆಯ ಮೇಜಿನಿಂದ,
ಶನಿವಾರ ಸಂಜೆ

ಪ್ರೀತಿಯ ಇವಳೇ,

ಹೇಗಿದ್ದೀಯ? ಮಗಳ ಬಾಣಂತನದ ಗಡಿಬಿಡಿಯಲ್ಲಿ ಮಂಡಿನೋವು ಮರೆತೇಹೋಯಿತೋ, ಹೇಳಿಕೊಳ್ಳಲು ಪುರುಸೊತ್ತಿಲ್ಲವೋ? ಮೊಮ್ಮಗಳು ನಿಮ್ಮೆಲ್ಲರನ್ನೂ ಕುಣಿಸುತ್ತಿದ್ದಾಳೆಂದು ಅಳಿಯ ಹೇಳಿದ. ಕಿವಿ ನನ್ನದಂತೆ, ಹಟ ನಿನ್ನದಂತೆ, ಪಾಪದ ಕೂಸು! ನಾನು ಆರಾಮವಾಗಿದ್ದೇನೆ. ನನ್ನ ಅಡುಗೆ ದಿನಕ್ಕೊಂದು ಅವತಾರ ಎತ್ತುತ್ತಿದೆ, ಪಾತ್ರೆಗಳ ಸುದ್ದಿ ಮಾತ್ರ ಕೇಳಬೇಡ.

ಈ ವಾರ ಪ್ರಯೋಗಾಲಯದಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು. ಆ ಪಿಂಗಾಣಿ ತುಂಡು ನೆನಪಿದೆಯಲ್ಲ, ಮೈತುಂಬ ತೂತುಗಳಿದ್ದದ್ದು? ಮನೆಗೆ ತಂದು ತೋರಿಸಿದಾಗ "ಇದೇನ್ರೀ, ಗೆದ್ದಲು ತಿಂದ ಬಳಪ!" ಎಂದು ನೀನು ನಕ್ಕಿದ್ದೆ. ಬೆನ್ನೆಲುಬಿನ ಮೂಳೆಯಲ್ಲಿ ಹಳ್ಳ ಬಿದ್ದವರಿಗೆ ಈಗ ಅವರ ಸೊಂಟದ ಮೂಳೆಯನ್ನೇ ಕೆತ್ತಿ ತುಂಬುತ್ತಾರೆ. ಒಂದು ನೋವು ವಾಸಿಯಾಗಲು ಇನ್ನೊಂದು ನೋವು. ಅದರ ಬದಲು ಈ ತುಂಡು ಕೂರಿಸಿದರೆ ತೂತುಗಳೊಳಗೆ ಹೊಸ ಮೂಳೆ ತಾನಾಗಿ ಬೆಳೆಯಬೇಕು. ಮನುಷ್ಯರಿಗಿಂತ ಮುಂಚೆ ಕುರಿಗಳಲ್ಲಿ ಪರೀಕ್ಷಿಸುತ್ತಿದ್ದೇವೆ. ಆಪರೇಷನ್ ಮಾಡುವ ಪಶುವೈದ್ಯ ನಾನೇ ಆದ್ದರಿಂದ ಕುರಿ ಎದ್ದರೂ ಬಿದ್ದರೂ ನನ್ನ ತಲೆಗೇ.

ಈ ಸಲದ ಕುರಿಗೆ ನಾವಿಟ್ಟ ಅಡ್ಡಹೆಸರು ಮಹಾರಾಣಿ. ಆಪರೇಷನ್ ಆದ ಮೇಲೆ ಗಾಯಕ್ಕೆ ಬೇರೆ ಕುರಿಗಳು ಗುದ್ದದಿರಲಿ ಎಂದು ಅವಳನ್ನು ಪ್ರತ್ಯೇಕ ಕೋಣೆಯಲ್ಲಿ, ಮೆತ್ತನೆ ಹುಲ್ಲಿನ ಮೇಲೆ, ರಾಜೋಪಚಾರದಲ್ಲಿ ಇಟ್ಟೆ. ಅವಳು ಏಳಲೇ ಇಲ್ಲ. ಮೇವು ಮೂಸಿಯೂ ನೋಡಲಿಲ್ಲ. ತುಂಡು ಜರುಗಿ ನರ ಒತ್ತುತ್ತಿದೆಯೇನೋ ಎಂದು ಹೆದರಿದೆ. ಎಕ್ಸ್‌ರೇ ತೆಗೆದರೆ ಅದು ಕೂರಿಸಿದಲ್ಲೇ ಭದ್ರವಾಗಿತ್ತು. ಕಾಲು ಚಿವುಟಿದರೆ ಎಳೆದುಕೊಳ್ಳುತ್ತಿದ್ದಳು, ಆದರೂ ಏಳಳು. ನಾಳೆಯೂ ಏಳದಿದ್ದರೆ ನರಳಿಸುವುದು ಬೇಡ, ಚುಚ್ಚುಮದ್ದು ಕೊಟ್ಟು ಮುಗಿಸಿಬಿಡಿ ಎಂದರು ಮೇಲಧಿಕಾರಿ. ನ್ಯಾಯವಾದ ಮಾತೇ. ನನಗೆ ಮಾತ್ರ ಮನಸ್ಸು ಒಪ್ಪಲಿಲ್ಲ.

ಆವತ್ತೇ ನೀನು ನನಗೆ ಫೋನು ಮಾಡಿ ಅಳಿಯನ ಮೇಲೆ ಹರಿಹಾಯ್ದದ್ದು. ಸೋಂಕು ತಗುಲೀತೆಂದು ಅವನು ಮಗಳ ಕೋಣೆಗೆ ಯಾರನ್ನೂ ಬಿಡುತ್ತಿರಲಿಲ್ಲವಲ್ಲ! "ಒಬ್ಬಳನ್ನೇ ಕೂಡಿಹಾಕಿ, ಊಟ ಮಾಡು, ಎದ್ದು ಓಡಾಡು ಅಂದ್ರೆ ಯಾರಿಗ್ರೀ ಮನಸ್ಸು ಬರುತ್ತೆ?" ಎಂದೆ ನೀನು. ನನಗೆ ಥಟ್ಟನೆ ಮಹಾರಾಣಿ ನೆನಪಾದಳು. ಕುರಿ ಹಿಂಡಿನ ಪ್ರಾಣಿ ಎಂದು ಕಾಲೇಜಿನ ಮೊದಲ ವರ್ಷವೇ ಓದಿದವನು ನಾನು. ಮೂಳೆಯ ಚಿಂತೆಯಲ್ಲಿ ಕುರಿಯನ್ನೇ ಮರೆತುಬಿಟ್ಟಿದ್ದೆ. ಅವಳ ಜೊತೆಗಾತಿ ಡುಮ್ಮಿಯನ್ನು ಕರೆತಂದು, ನಡುವೆ ಕಂಬಿಯ ತಡಿಕೆ ಇಟ್ಟು ನಿಲ್ಲಿಸಿದೆ. ಡುಮ್ಮಿ ಒಮ್ಮೆ ಬ್ಯಾ ಎಂದಳು. ಮಹಾರಾಣಿ ಕಿವಿ ನಿಮಿರಿಸಿದಳು, ಹಿಂಗಾಲು ಊರಿದಳು, ತೂರಾಡಿದಳು, ಎದ್ದೇಬಿಟ್ಟಳು! ನಾನು ಅಲ್ಲೇ ಕೂತು ಅತ್ತುಬಿಟ್ಟೆ, ನಗಬೇಡ. ಈಗ ಇಬ್ಬರೂ ತಡಿಕೆಯ ಆಚೆ ಈಚೆ ಮೇಯುತ್ತಾ ಮಾತಾಡಿಕೊಳ್ಳುತ್ತಾರೆ. ತೂತುಗಳಲ್ಲಿ ಮೂಳೆ ಬೆಳೆಯಿತೇ ಎಂದು ತಿಳಿಯಲು ತಿಂಗಳುಗಳು ಬೇಕು, ಕಾಯೋಣ.

ಮಗಳಿಗೂ ಕೂಸಿಗೂ ನನ್ನ ಆಶೀರ್ವಾದ. ಅಳಿಯನನ್ನು ಇನ್ನು ಬೈಯಬೇಡ, ಅವನ ಬುದ್ಧಿಯೂ ನನ್ನದೂ ಒಂದೇ.

ನಿನ್ನ
ಅವರು

ತಾ.ಕ.: ಅಂಚೆ ಹೋಗುವ ಹೊತ್ತಾಯಿತು, ಒಂದೇ ಉಸಿರಿಗೆ ಹೇಳುತ್ತೇನೆ. ಮಹಾರಾಣಿಯನ್ನು ಕೊಂದು ಮೂಳೆ ತೆಗೆದು ನೋಡಬೇಕಿಲ್ಲ, ಸ್ಕ್ಯಾನಿನಲ್ಲಿ ನೋಡಿದರೆ ಸಾಕು, ಪರೀಕ್ಷೆ ಮುಗಿದ ಮೇಲೆ ಅವಳನ್ನು ಮನೆಗೆ ಒಯ್ಯಬಹುದು ಎಂದರು ಮೇಲಧಿಕಾರಿ. ಹೂಂ ಎಂದುಬಿಟ್ಟೆ. ಒಂಟಿಯಾಗಿ ಇಡುವಂತಿಲ್ಲವಲ್ಲ, ಡುಮ್ಮಿಯೂ ಬರುತ್ತಾಳೆ. ನಿನ್ನ ಗುಲಾಬಿ ಗಿಡಗಳಿಗೆ ಬೇಲಿ ಹಾಕಿಯಾಯಿತು. ಮೇಲೆ ಆರಾಮ ಎಂದು ಬರೆದದ್ದು ಸುಳ್ಳು. ಒಂಟಿಯಾಗಿ ಊಟ ಸೇರದೆ ಕೂತಿರುವ ಪ್ರಾಣಿ ಈ ಮನೆಯಲ್ಲೂ ಒಂದಿದೆ, ಬೇಗ ಬಾ.